ಕಾಫಿ ಕಂಪನಿಯ ಕ್ವಾಲಿಟಿ ಟೀಮ್‌ಗೆ ಫ್ರೆಶರ್ ಸೇರೋದು ಹೇಗೆ?

ಪೊನ್ನಂಪೇಟೆಯಿಂದ: ಬಿಎಸ್ಸಿ ಮುಗೀತು. ಬೆಂಗಳೂರಿನ ಸ್ಪೆಷಾಲಿಟಿ ಕಾಫಿ ಕಂಪನಿಯಲ್ಲೇ ಕೆಲಸ ಬೇಕು. ರೆಸ್ಯೂಮೆ ಕಳಿಸಿದ್ರೆ ಉತ್ತರವೇ ಬರಲ್ಲ. ಬೇರೆ ದಾರಿ ಇದೆಯಾ?

ಕುಶಾಲನಗರದಿಂದ: ರೆಸ್ಯೂಮೆ ಬದಲು ಕೆಲಸ ತೋರಿಸಿ. ಒಂದೇ ತೋಟದ ರೊಬಸ್ಟಾ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ್ದು), ಚೆರ್ರಿ (ಇಡೀ ಹಣ್ಣೇ ಒಣಗಿಸಿದ್ದು) ಎರಡನ್ನೂ ಕಪ್ಪಿಂಗ್ ಮಾಡಿ, ಅಂದ್ರೆ ಪುಡಿಗೆ ಬಿಸಿನೀರು ಹಾಕಿ ವಾಸನೆ, ರುಚಿ ಪರೀಕ್ಷಿಸಿ, ಒಂದೇ ಪುಟದ ರಿಪೋರ್ಟ್ ಬರೀರಿ. 150 ಮಿ.ಲೀ. ನೀರಿಗೆ 8.25 ಗ್ರಾಂ ಕಾಫಿ, ನೀರು 93 ಡಿಗ್ರಿ ಆಸುಪಾಸು. 4 ನಿಮಿಷಕ್ಕೆ ಮೇಲೆ ಕಟ್ಟಿದ ಪದರ ಚಮಚದಲ್ಲಿ ಒಡೆದು ಮೂಸಿ.

ಮಡಿಕೇರಿಯಿಂದ: ಅಣ್ಣಾ, 8.25 ಅರೇಬಿಕಾ ಲೆಕ್ಕ. ಫೈನ್ ರೊಬಸ್ಟಾಕ್ಕೆ (ಉತ್ತಮ ದರ್ಜೆಯ ರೊಬಸ್ಟಾ) 8.75. ಇಂಥದ್ದು ತಪ್ಪಿದ್ರೆ ಗೊತ್ತಿರೋರು ಮುಂದೆ ಓದಲ್ಲ. ಪ್ರತಿ ಸ್ಯಾಂಪಲ್‌ಗೆ 5 ಕಪ್, ಪ್ರತಿ ಕಪ್ಪಿನ ಬೀಜ ಬೇರೆ ಬೇರೆ ತೂಗಿ ಬೇರೆ ಬೇರೆ ಪುಡಿ ಮಾಡಿ. ಒಟ್ಟಿಗೆ ಪುಡಿ ಮಾಡಿದ್ರೆ ಒಂದು ಹುಳುಕು ಬೀಜದ ವಾಸನೆ ಐದರಲ್ಲೂ ಹಂಚಿಹೋಗುತ್ತೆ, ದೋಷ ಎಲ್ಲಿದೆ ಅಂತ ಹಿಡಿಯೋಕಾಗಲ್ಲ. ಹುರಿಯೋ ಮುಂಚಿನ ಬೀಜದ ತೇವಾಂಶವನ್ನೂ ಬರೀರಿ. 12 ಪರ್ಸೆಂಟ್ ದಾಟಿದ್ರೆ ಬೂಷ್ಟಿನ ಭಯ.

ವಿರಾಜಪೇಟೆಯಿಂದ: ರಿಪೋರ್ಟ್ ಎಚ್‌ಆರ್‌ಗಲ್ಲ, ಹಸಿ (ಹುರಿಯದ) ಕಾಫಿ ಖರೀದಿ ನೋಡ್ಕೊಳ್ಳೋರಿಗೆ ಕಳಿಸಿ. ಅಕ್ಟೋಬರ್‌ನಲ್ಲೇ ಕಳಿಸಿ; ಕೊಯ್ಲು ಶುರುವಾದ್ಮೇಲೆ ಮೇಲ್ ನೋಡೋಕೆ ಯಾರಿಗೂ ಪುರುಸೊತ್ತಿರಲ್ಲ. ಕಾಫಿ ಬೋರ್ಡ್‌ನ ಕಾಫಿ ಕ್ವಾಲಿಟಿ ಮ್ಯಾನೇಜ್‌ಮೆಂಟ್ ಪಿಜಿ ಡಿಪ್ಲೊಮಾ ಕೂಡ ವಿಚಾರಿಸಿ.