ಪೇಢಾ ದೊಡ್ಡದಾತು

"ಫೋಟೋ ಹತ್ರಿಂದ ತಗೀಬೇಕ್ರಿ ಕಾಕಾ. ಭಾಳ ಹತ್ರಿಂದ. ಕಣ್ಣೊಳಗ ಟ್ಯೂಬ್‌ಲೈಟ್ ಕಾಣಬೇಕು, ಅಂಥಾದು."

ಶೀನ್ಯಾ ಈ ಮಾತು ಹೇಳಿದ್ದು ಎಷ್ಟನೇ ಸಲನೋ. ಸಪ್ತಾಪುರದ ಚಹಾದಂಗಡಿ ತಗಡಿನ ಮ್ಯಾಲೆ ಶ್ರಾವಣದ ಮಳಿ ಜಿಟಿಜಿಟಿ ಹಚ್ಚಿತ್ತು. ಮಾಸ್ತರು ಪೇಪರಿನ ಹಿಂದ ಇದ್ರು. ಪರಪ್ಪ ಎಣ್ಣಿಯೊಳಗಿನ ಮಿರ್ಚಿ ಎಣಸ್ಲಿಕ್ಹತ್ತಿದ್ದ. ಫೋಟೋ ಸ್ಟುಡಿಯೋದ ಬಂಡೂಕಾಕಾ ಬಶಿಯೊಳಗ ಚಹಾ ಸುರುವಿಕೊಂಡು, ಊದಿ, ಏನೂ ಗೊತ್ತಿಲ್ಲದವರ ಗತೆ ಕೇಳಿದ್ರು: "ಯಾರ ಕಣ್ಣೊಳಗ?"

"ಪೇಢಾನ ಕಣ್ಣೊಳಗ."

ಪೇಢಾ ಅಂದ್ರ ಶೀನ್ಯಾನ ಆಮಿ. ಹೋದ ವರ್ಷ ಯುಗಾದಿ ಮುಂದ ಹುಬ್ಬಳ್ಳಿಗೆ ಹೋದಾಂವ ಮೀನಿನ ಅಂಗಡಿಯಿಂದ ಡಬ್ಬಿಯೊಳಗ ಹಾಕಿಸಿಕೊಂಡು ಬಂದಿದ್ದ. ಹಸರು ಚಿಪ್ಪು, ಕಣ್ಣಿನ ಹಿಂದ ಕೆಂಪು ಪಟ್ಟಿ; ರೆಡ್ ಇಯರ್ಡ್ ಸ್ಲೈಡರ್ ಅಂತ ಅಮೇರಿಕಾದ ಜಾತಿ. ಮೊದಲ ನಕ್ಷತ್ರ ಆಮಿ ತರಾಂವ ಇದ್ದ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅದನ್ನ ಸಾಕಿದ್ರ ಆಮಿ ಹೊರಗ ಇರ್ತದ, ನೀ ಒಳಗ ಇರ್ತಿ ಅಂತ ಮಾಸ್ತರು ಹೆದರಿಸಿದ್ರು. ಆಮ್ಯಾಲೆ ಇಗ್ವಾನಾ ಅಂತ ಪರದೇಶದ ದೊಡ್ಡ ಹಲ್ಲಿ ತರ್ತೀನಿ ಅಂದ, ಅದಕ್ಕ ಸರಕಾರದ ಪರಿವೇಷ್ ಪೋರ್ಟಲ್‌ನ್ಯಾಗ ನೋಂದಣಿ ಬೇಕು ಅಂತ ಗೊತ್ತಾಗಿ ಅದನ್ನೂ ಬಿಟ್ಟ. ಕಡೀಕ ಇದು ಬಂತು. ಬಂದಾಗ ಲೈನ್ ಬಜಾರದ ಪೇಢಾದಷ್ಟಽ ಇತ್ತು, ಅದಕ್ಕಽ ಆ ಹೆಸರು.

ಅವತ್ತಿನಿಂದ ಹಿಡಿದು ಇವತ್ತಿನ ತನಕ ಶೀನ್ಯಾ ಪೇಢಾನ ಫೋಟೋಕ್ಕ ಕ್ಯಾಮರಾ ಹುಡಕ್ಲಿಕ್ಹತ್ತಾನ. ಬಜೆಟ್ಟು 20,000. ರಾತ್ರಿ ಊಟ ಆದಮ್ಯಾಲೆ ರಿವ್ಯೂ ನೋಡಲಿಕ್ಕೆ ಕೂತ್ರ ಹಾಲಿನವ ಬರೂ ಹೊತ್ತಿಗೆ ಏಳತಾನ. ಈ ರಿವ್ಯೂದ ರೋಗ ಊರಿಗೇ ಹತ್ಯದ ಬಿಡ್ರಿ. ಮೊನ್ನೆ ನಮ್ಮ ಓಣಿಯೊಳಗ ಒಬ್ಬಾಂವ ಝಾಡೂ ತಗೊಳ್ಳಿಕ್ಕೆ ನಾಕು ವಿಡಿಯೋ ನೋಡಿದ. ಮನಿ ಕಸ ಹಂಗಽ ಇತ್ತು.

"ಈ ಫೋನ್ ತಗೊಂಡಿಯಲ್ಲ, ಅದರಾಗ ತಗಿಯೋ," ಅಂದೆ ನಾ. "108 ಮೆಗಾಪಿಕ್ಸೆಲ್ ಅಂತಿದ್ದಿ."

ಕಾಕಾನ ಬಶಿ ತುಟಿ ಹತ್ರ ನಿಂತು ಬಿಡ್ತು. "108 ಎಲ್ಲಿದು? ಅದು ಒಂಬತ್ತು ಚುಕ್ಕಿ ಕೂಡಿಸಿ ಒಂದು ಮಾಡಿ, ಸುಮ್ಮನ 12 ಕೊಡ್ತದ. ಒಂಬತ್ತು ಮಂದಿ ಅಣ್ಣತಮ್ಮರು ಕೂಡಿ ಒಂದು ಸಹಿ ಮಾಡಿಧಂಗ."

"ಅದರಾಗ ಹತ್ರಿಂದು ತಗಿಯೂ ಬ್ಯಾರೇನಽ ಮ್ಯಾಕ್ರೋ ಕ್ಯಾಮರಾ ಅದ ಕಾಕಾ. 2 ಮೆಗಾಪಿಕ್ಸೆಲ್."

"ಲಗ್ನಪತ್ರಿಕಿಯೊಳಗ ಕೆಳಗ 'ಸುಖಾಗಮನ ಬಯಸುವವರು' ಅಂತ ಸಾಲಾಗಿ ಹೆಸರು ಇರ್ತಾವ ನೋಡು. ಅವರು ಬಡಸ್ಲಿಕ್ಕೂ ಬರಂಗಿಲ್ಲ, ಎಲಿ ಎತ್ತಲಿಕ್ಕೂ ಬರಂಗಿಲ್ಲ. ಆ ಮ್ಯಾಕ್ರೋ ಅಂಥಾದು."

ಮಿರ್ಚಿ ಬಂದ್ವು. ಪರಪ್ಪ ಬಾಯಿ ಸುಟಗೊಂಡಽ ಸಲಹಾ ಕೊಟ್ಟ: "ಸಣ್ಣವು ಯಾಕ್ ತಗೋತಿ? ದೊಡ್ಡ ಲೆನ್ಸ್ ತಗೋ. ಗದಗ ಕಡೆ ಮಾಗಡಿ ಕೆರಿ ದಂಡಿಗೆ ಚಳಿಗಾಲದಾಗ ನಿಂತಿರ್ತಾರಲ್ಲ, ತೋಪಿನಂಥಾವು ಹಿಡಕೊಂಡು!"

"ಅವು ಹಿಮಾಲಯ ದಾಟಿ ಬಂದ ಪಟ್ಟೆತಲೆ ಹೆಬ್ಬಾತಿಗೆ," ಅಂದ್ರು ಕಾಕಾ. "ಅಂಥಾ ಲೆನ್ಸು ಹತ್ರ ಇದ್ದದ್ದನ್ನ ಹಿಡಿಯಂಗಿಲ್ಲ. ಆಮಿ ನಡುಮನಿಯೊಳಗ ಇಟ್ಟು ಇಂವ ಹಿತ್ತಲಕ್ಕ ಹೋಗಿ ನಿಲ್ಲಬೇಕು. ಆಮ್ಯಾಲೆ ಅದು ನಕ್ಕಿದ್ದೂ ಕಾಣಂಗಿಲ್ಲ."

"ಆಮಿ ನಗತಾವ?"

"ನಿನ್ನ ರಿವ್ಯೂ ನೋಡಿದ್ರ ನಗತಾವ."

ಮಾಸ್ತರು ಪೇಪರ್ ಮಡಚಿದ್ರು. ಇದು ಪಾಠ ಶುರುವಾಗೂ ಲಕ್ಷಣ. "ಹಂಗಾರ ಮ್ಯಾಕ್ರೋ ಅಂದ್ರ ಏನು, ಬಂಡೂರಾವ್? ಒಂದಕ್ಕೊಂದು, ಒಂದಕ್ಕೊಂದು ಅಂತಾನ ಇಂವ. ಏನು ಒಂದಕ್ಕೊಂದು?"

ಕಾಕಾ ಅಂಗಡಿಯಾಂವನ ಕಡೆಯಿಂದ ಒಂದು ಕಡ್ಲಿಕಾಳು ಇಸಗೊಂಡು ಟೇಬಲ್ ಮ್ಯಾಲೆ ಇಟ್ರು. "ಇದು ಎಂಟು ಮಿಲಿಮೀಟರ್ ಅಂತ ತಿಳೀರಿ. ಕ್ಯಾಮರಾದೊಳಗ ಬಿಂಬ ಹಿಡಿಯೂ ಸೆನ್ಸರ್ ಮ್ಯಾಲೆ ಇದರ ಬಿಂಬ ಎಂಟಽ ಮಿಲಿಮೀಟರ್ ಬಿದ್ರ ಅದು ಒಂದಕ್ಕೊಂದು. ಸಾದಾ ಕ್ಯಾಮರಾದ ಸೆನ್ಸರ್ ಇಪ್ಪತ್ತೆರಡು ಮಿಲಿಮೀಟರಿನಷ್ಟು ಅಗಲ ಇರ್ತದ, ಅಂದ್ರ ಚಿತ್ರದ ಮೂರರಾಗ ಒಂದು ಪಾಲಿಗಿಂತ ಹೆಚ್ಚು ಬರೇ ಕಡ್ಲಿ. ಆದ್ರ ಅಷ್ಟು ಹತ್ರ ಹೋದ್ರ ಏನಾಗ್ತದ ಗೊತ್ತದ? ಕಣ್ಣು ಹಿಡದ್ರ ಮೂಗು ಮಸಕಾತು, ಮೂಗು ಹಿಡದ್ರ ಕಣ್ಣು ಹೋತು. ಸ್ಪಷ್ಟ ಕಾಣೋದು ರಟ್ಟು ಕಾಗದದ ದಪ್ಪದಷ್ಟು. ಅಪರ್ಚರ್, ಅಂದ್ರ ಲೆನ್ಸಿನೊಳಗ ಬೆಳಕು ಬರೂ ಕಂಡಿ, ಸಣ್ಣದು ಮಾಡಿ ಎಫ್ ಎಂಟಕ್ಕ, ಹನ್ನೊಂದಕ್ಕ ಒಯ್ಯಬೇಕು. ಒಯ್ದ್ರ ಕತ್ತಲಿ. ಕತ್ತಲಿಗೆ ಬೆಳಕು ಬೇಕು. ಸೀದಾ ಫ್ಲಾಶ್ ಹೊಡದ್ರ ಹಸಿ ಚಿಪ್ಪು ಸ್ಟೀಲ್ ತಾಟಿನ ಗತೆ ಹೊಳೀತದ. ನಡುವ ಬಿಳೇ ಧೋತ್ರದ ತುಂಡು ಹಿಡೀಬೇಕು. ಇಲ್ಲಂದ್ರ ಮುಂಜಾನೆ ಖಿಡಕಿ ಹತ್ರ ಇಡು, ಫ್ಲಾಶೂ ಬ್ಯಾಡ."

ಕಡ್ಲಿಕಾಳನ್ನ ಪರಪ್ಪ ತಿಂದು ಬಿಟ್ಟ.

"ಕ್ಯಾಮರಾ ಯಾವುದು ಹೇಳ್ರಿ ಅಂದ್ರ!" ಅಂದ ಶೀನ್ಯಾ.

"ಯಾವುದಾದ್ರೂ. ಸೆಕೆಂಡ್‌ಹ್ಯಾಂಡ್ ಹಳೇದೊಂದು ಬಾಡಿ, 50 ಎಂ.ಎಂ. ಲೆನ್ಸ್ ಒಂದು. ನಡುವ ಎಕ್ಸ್‌ಟೆನ್ಶನ್ ಟ್ಯೂಬ್ ಹಾಕು. ಬರೇ ಖಾಲಿ ಕೊಳವಿ, ಒಳಗ ಗಾಜಿಲ್ಲ, ಏನಿಲ್ಲ. ಲೆನ್ಸ್ ಸೆನ್ಸರಿನಿಂದ ದೂರ ಹೋದಷ್ಟೂ ಹತ್ರಿಂದು ಹಿಡೀತದ, ಅಷ್ಟಽ ಗುಟ್ಟು."

"ಅಂದ್ರ ಇಂವ ಗಾಳಿಗೆ ರೊಕ್ಕ ಕೊಡಬೇಕೇನ್ರಿ?" ಅಂದ ಪರಪ್ಪ.

"ಹದಿನಾರು ತಿಂಗಳಿಂದ ಡೇಟಾ ಪ್ಯಾಕಿಗೆ ಕೊಟ್ಟಾನಲ್ಲ, ಇದೇನ್ ಮಹಾ. ಗಾಳಿಗೂ ರೊಕ್ಕ ಇಲ್ಲಂದ್ರ ಲೆನ್ಸನ್ನ ತಿರುಮುರುವಾಗಿ ಹಚ್ಚು. ಅದಕ್ಕೊಂದು ರಿಂಗ್ ಸಿಗ್ತದ, ಕೆಲವು ನೂರು ರೂಪಾಯಿ. ಆದ್ರ ಅಪರ್ಚರ್ ತಿರುವೂ ಉಂಗುರ ಲೆನ್ಸಿನ ಮ್ಯಾಲಽ ಇರೂ ಹಳೇ ಕಾಲದ್ದು ನೋಡಿ ತಗೋ. ಹೊಸವು ತಿರುವಿ ಹಚ್ಚಿದ್ರ ಕ್ಯಾಮರಾದ ಮಾತು ಕೇಳಂಗಿಲ್ಲ."

ಶೀನ್ಯಾನ ಮಾರಿ ಇಳೀತು. "ಇಷ್ಟು ಸೋವಿಯೊಳಗ ಮುಗೀತಂದ್ರ… ಅಷ್ಟು ರಿವ್ಯೂ ನೋಡಿದ್ದು ದಂಡ ಅಲ್ಲೇನ್ರಿ?"

"ಒಂದು ಕೇಳ್ತೀನಿ. ಆ ವಿಡಿಯೋದಾಗ ಅಂವ ಹಿಡಕೊಂಡ ಕ್ಯಾಮರಾ ಭಾಳ ಚಂದ ಕಾಣ್ತದಲ್ಲ, ಅದನ್ನ ತಗದ ಕ್ಯಾಮರಾ ಯಾವುದಂತ ಎಂದಾದ್ರೂ ಕೇಳಿದಿ?"

ಶೀನ್ಯಾ ಬಾಯಿ ತಗದು ಮುಚ್ಚಿದ. ಅವತ್ತು ರಾತ್ರಿ ಮತ್ತ ಒಂದು ರಿವ್ಯೂ ಹುಟ್ಟೀತು ಅಂತ ನನಗ ಅಲ್ಲೇ ಖಾತ್ರಿ ಆತು.

ಅಷ್ಟರಾಗ ಛತ್ರಿ ಹಿಡಕೊಂಡು ಶೀನ್ಯಾನ ಹೇಣ್ತಿ ಸುಮಕ್ಕ ಬಂದ್ಳು. ಇನ್ನೊಂದು ಕೈಯಾಗ ಬಕೀಟು. "ಏನ್ರೀ, ನೀರು ಬದಲಿ ಮಾಡಿ ಹೋಗ್ತೀನಿ ಅಂತ ಹೇಳಿ ಇಲ್ಲಿ ಬಂದು ಕೂತೀರಿ? ಅದು ತೊಟ್ಟಿ ಹತ್ತಿ ಹೊರಗ ಬೀಳ್ತದ. ಅಡಗಿಮನಿ ತುಂಬ ಅಡ್ಡ್ಯಾಡ್ತದ. ಹಿಡೀರಿ ನಿಮ್ಮ ಪೇಢಾ." ಬಕೀಟು ಟೇಬಲ್ ಮ್ಯಾಲೆ ಕುಕ್ಕಿದ್ಳು.

ನಾವೆಲ್ಲಾ ಬಗ್ಗಿ ನೋಡಿದ್ವಿ. ಯಾರೂ ಮಾತಾಡಲಿಲ್ಲ. ಕಾಕಾ ಕೈಯಾಗಿನ ಖಾಲಿ ಬಶಿಯನ್ನ ಮೆಲ್ಲಕ ಬಕೀಟಿನ ಮ್ಯಾಲೆ ಹಿಡಿದ್ರು. ಸರೀ ಅಳತಿ.

"ಇದು ಪೇಢಾ ಅಲ್ಲಲೇ ಶೀನ್ಯಾ," ಅಂದ್ರು. "ಹೋಳಿಗಿ. ಇನ್ನ ಮ್ಯಾಕ್ರೋ ಯಾಕ? ಎರಡು ವರ್ಷ ಬಿಟ್ಟು ವೈಡ್ ಆಂಗಲ್ ತಗೋ, ಹಿಡಸ್ತದ."

ಪರಪ್ಪ ನಕ್ಕು ನಕ್ಕು ಮಿರ್ಚಿ ನೆತ್ತಿಗೆ ಏರಿಸಿಕೊಂಡ. ಮಾಸ್ತರಿಗೆ ಮಾತ್ರ ಇದು ನಗೂ ವಿಷಯ ಆಗಿರಲಿಲ್ಲ. ಹೆಣ್ಣಾದ್ರ ಒಂದು ಅಡಿ ಸಮೀಪ ಬೆಳೀತದ, ಇಪ್ಪತ್ತು-ಮೂವತ್ತು ವರ್ಷ ಬಾಳ್ತದ, ಅಂಗಡಿಯಾಂವ ಹೇಳಲಿಲ್ಲೇನು ಅಂದ್ರು. ಅಂಗಡಿಯಾಂವ ಹೇಳಿದ್ದು ಒಂದಽ ಅಂತ, "ಸರ್, ಇಷ್ಟಽ ಇರ್ತದ."

"ಹಂಗಾರ ಕೆಲಗೇರಿ ಕೆರಿಗೆ ಬಿಡು, ಪುಣ್ಯಾ ಬರ್ತೈತಿ," ಅಂದ ಪರಪ್ಪ.

"ಪಾಪ ಬರ್ತದ!" ಮಾಸ್ತರು ಟೇಬಲ್ ಗುದ್ದಿದ್ರು. "ಜಗತ್ತಿನ್ಯಾಗ ಅತೀ ಕೆಟ್ಟ 100 ದಾಳಿಕೋರ ಜೀವಿ ಅಂತ ಪಟ್ಟಿ ಮಾಡ್ಯಾರ, ಅದರಾಗ ಇದೂ ಅದ. ನಮ್ಮ ಕೆರಿ ಆಮಿಗಳ ಅನ್ನ ಕಸಗೋತದ. ಅಮೇರಿಕಾದಾಗಽ 1975ರಾಗ ನಾಕು ಇಂಚಿಗಿಂತ ಸಣ್ಣ ಆಮಿ ಮಾರಬ್ಯಾಡ್ರಿ ಅಂತ ನಿಷೇಧ ಹಾಕಿದ್ರು. ಮಕ್ಕಳಿಗೆ ಸಾಲ್ಮೊನೆಲ್ಲಾ ಅನ್ನೂ ಹೊಟ್ಟಿ ಕೆಡಿಸೂ ರೋಗಾಣು ಹತ್ತತಿತ್ತು."

ಪರಪ್ಪ ಪೇಢಾನ ಬೆನ್ನು ಸವರಿದ ಕೈಯನ್ನ ನೋಡಿದ. ಆ ಕೈಯಾಗಿನ ಅರ್ಧಾ ಮಿರ್ಚಿಯನ್ನೂ ನೋಡಿದ. ಎದ್ದು ಕೈ ತೊಳೀಲಿಕ್ಕೆ ಹೋದ. ಮಿರ್ಚಿಯನ್ನೂ ತೊಳಕೊಂಡು ಬಂದ.

"ಸಣ್ಣದಿದ್ದಾಗಿನ ಫೋಟೋ ಒಂದಾದ್ರೂ ಅದ ಏನು ಸುಮಕ್ಕಾ?" ಅಂತ ಕೇಳಿದೆ.

"ಒಂದೂ ಇಲ್ಲ ಅಣ್ಣಾ. ಅಂಗೈಯಾಗ ಇಟಗೊಂಡು ತಗೀರಿ ಅಂದ್ರ, ಕ್ಯಾಮರಾ ಬರ್ಲಿ ತಡಿ ಅಂತಿದ್ರು."

ಕಾಕಾ ನಗಲಿಲ್ಲ. ಶಟರ್ ಎಳೆದ ಅವರ ಸ್ಟುಡಿಯೋ ಎದುರಿಗೇ ಇತ್ತು. ಬೋರ್ಡಿನ ಮ್ಯಾಲಿಂದ ನೀರು ಇಳೀತಿತ್ತು. ಆ ಕಡೆ ನೋಡ್ಕೋತ ಹೇಳಿದ್ರು: "ಆಗ ಆಗ್ಫಾ ಕ್ಲಿಕ್ ಥ್ರೀ ಕ್ಯಾಮರಾ ಇತ್ತು. ರೋಲಿಗೆ 12 ಫೋಟೋ. ಹತ್ತು ಅಡಿ ದೂರ ನಿಂತಽ ತಗೀಬೇಕು. ಹಿಂಗಾಗಿ ಮನಿ ಮಂದಿಯೆಲ್ಲಾ, ತುಳಸಿಕಟ್ಟಿ, ಎಮ್ಮಿ, ಎಲ್ಲಾ ಒಂದರಾಗ. ಮುಂದ ಹತ್ತು ವರ್ಷ ಬಿಟ್ಟು ಅದನ್ನ ಕಿಸೆದಾಗ ಇಟಗೊಂಡು ಬರವ್ರು. ಮೂಲ್ಯಾಗ ಸೆರಗು ಹೊದ್ದು ನಿಂತಾಕಿನ್ನ ಉಗುರಲೆ ತೋರಸವ್ರು. 'ಇದೊಂದಽ ಐತ್ರಿ. ನಮ್ಮವ್ವನ ಮಾರಿ ಅಷ್ಟಽ ದೊಡ್ಡದು ಮಾಡಿ ಕೊಡ್ರಿ, ಮಾಲಿ ಹಾಕಬೇಕು.' ಜ್ವಾಳದ ಕಾಳಿನಷ್ಟು ಮಾರಿ. ದೊಡ್ಡದು ಮಾಡಿದ್ರ ಬರೇ ರವಾ. ಕಣ್ಣು ಎಲ್ಲೆದ, ಮೂಗು ಎಲ್ಲೆದ! ಪೆನ್ಸಿಲ್ ಹಿಡದು ನಾನಽ ಬರೀತಿದ್ದೆ. ನನಗ ಗೊತ್ತಿದ್ದ ಕಣ್ಣು ಒಂದಽ. ಈ ಧಾರವಾಡದಾಗ ಎಷ್ಟೋ ಮನಿ ಗ್ವಾಡಿ ಮ್ಯಾಲೆ ನಮ್ಮವ್ವನ ಕಣ್ಣು ಅವ."

ಅಂಗಡಿಯಾಂವ ಸ್ಟೋವ್ ಸಣ್ಣ ಮಾಡಿದ.

ಕಾಕಾ ಕಿಸೆದಾಗ ಕೈ ಹಾಕಿ ಕರವಸ್ತ್ರದ ಗಂಟು ತಗದ್ರು. ಒಳಗ ಹಳೇ 50 ಎಂ.ಎಂ. ಲೆನ್ಸು. ಅದನ್ನ ತಿರುಮುರುವು ಮಾಡಿ ಶೀನ್ಯಾನ ಫೋನಿನ ಮುಂದ ಹಿಡದು, "ತಗೀ ಈಗ" ಅಂದ್ರು. ಸುಮಕ್ಕ ಪೇಢಾನ್ನ ಎರಡೂ ಕೈಲೆ ಎತ್ತಿ ಹಿಡದ್ಳು. ಹಿಂದ-ಮುಂದ ಮಾಡ್ತಾ ಮಾಡ್ತಾ ಸ್ಕ್ರೀನಿನ್ಯಾಗ ಒಮ್ಮಿಂದೊಮ್ಮೆ ಕಣ್ಣು ನಿಂತಿತು. ಹಸರು-ಹಳದಿ ಕಣ್ಣು, ನಡುವ ಅಡ್ಡಕ್ಕ ಒಂದು ಕರೇ ಗೆರಿ, ಅದರ ಮ್ಯಾಲೆ ಅಂಗಡಿ ಟ್ಯೂಬ್‌ಲೈಟು, ಟ್ಯೂಬ್‌ಲೈಟಿನ ಕೆಳಗ ನಮ್ಮ ನಾಕೈದು ತಲಿ.

"ಒತ್ತಲೇ!"

"ಒಂದು ನಿಮಿಷ ತಡೀರಿ ಕಾಕಾ," ಅಂದ ಶೀನ್ಯಾ. "ಎಚ್‌ಡಿಆರ್ ಆನ್ ಇಡ್ಲೋ, ಆಫ್ ಇಡ್ಲೋ?"

ಪೇಢಾ ತಲಿ ಒಳಗ ಎಳಕೊಂತು.