ಸಹಾಯ ಬೇಕು: ವಿಕಿ ಲವ್ಸ್ ಮಾನ್ಯುಮೆಂಟ್ಸ್ ಫೋಟೋಗಳ ವಿವರ ನೋಡಲು

ಎಲ್ಲರಿಗೂ ನಮಸ್ಕಾರ. ವಿಕಿ ಲವ್ಸ್ ಮಾನ್ಯುಮೆಂಟ್ಸ್ ಅನ್ನೋ ಹಳೆ ಸ್ಮಾರಕಗಳ ಫೋಟೋ ಸ್ಪರ್ಧೆ ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. 2010ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಶುರುವಾಗಿ ಈಗ ಹಲವು ದೇಶಗಳಲ್ಲಿ ನಡೆಯುತ್ತದೆ. ನಡೆಸುವವರು ಹೆಚ್ಚಾಗಿ ಸ್ವಯಂಸೇವಕರೇ. ಈ ಸಲ ನಮ್ಮ ದೇಶದ ಸುತ್ತಿನ ಹೊಣೆ ಹೊತ್ತ ತಂಡದಲ್ಲಿ ನಾನೂ ಇದ್ದೇನೆ.

ಚಂದದ ಫೋಟೋ ಆರಿಸುವವರು ಸಿಕ್ಕಿದ್ದಾರೆ. ಕಷ್ಟ ಇರುವುದು ಫೋಟೋ ಜೊತೆ ಬರೆಯುವ ವಿವರದಲ್ಲಿ. ನಿನ್ನೆ ಒಂದು ವೀರಗಲ್ಲಿನ ಚಿತ್ರ ನೋಡಿದೆ. ಕೆಳಗಿನ ಪಟ್ಟಿಯಲ್ಲಿ ಕತ್ತಿ ಎತ್ತಿದ ವೀರ, ತುದಿಯಲ್ಲಿ ಶಿವಲಿಂಗ, ಪಕ್ಕದಲ್ಲಿ ಸೂರ್ಯ ಚಂದ್ರ, ಎಲ್ಲ ಸ್ಪಷ್ಟ. ಆದರೆ ಬರೆದದ್ದು ‘ಹಳೆ ಕಲ್ಲು’ ಅಂತ ಮಾತ್ರ! ಯಾವ ಊರು, ಯಾವ ಗುಡಿ ಮುಂದೆ, ಏನೂ ಇಲ್ಲ. ಫೋಟೋ ವಿಕಿಮೀಡಿಯಾ ಕಾಮನ್ಸ್ ಅನ್ನೋ ಆನ್‌ಲೈನ್ ಚಿತ್ರ ಸಂಗ್ರಹದಲ್ಲಿ, ಯಾರು ಬೇಕಾದರೂ ಬಳಸಬಹುದಾದ ಮುಕ್ತ ಪರವಾನಗಿಯಲ್ಲಿ ಉಳಿಯುತ್ತದೆ. ಹೆಸರಿಲ್ಲದಿದ್ದರೆ ಹುಡುಕುವವರಿಗೆ ಸಿಗಲ್ಲ ಅಲ್ವಾ?

ಹಳೆ ಗುಡಿ, ಕೋಟೆ, ಶಾಸನಗಳ ಪರಿಚಯ ಇರುವ ನಾಲ್ಕೈದು ಜನ ಬೇಕು. ವಾರಕ್ಕೆ ಎರಡು ಗಂಟೆ ಸಾಕು. ಕಂಪ್ಯೂಟರ್ ಜಾಸ್ತಿ ಗೊತ್ತಿರಬೇಕಿಲ್ಲ, ನಾನೇ ಕೂತು ಹೇಳಿಕೊಡುತ್ತೇನೆ. ನಿಮ್ಮ ಸುತ್ತಮುತ್ತ ಊರಿನ ಹಿರಿಯರು, ಇತಿಹಾಸದ ಮೇಷ್ಟ್ರು ಇದ್ದರೆ ಅವರಿಗೂ ದಯವಿಟ್ಟು ತಿಳಿಸಿ. ಬರುವವರು ಇಲ್ಲೇ ಹೇಳಿ, ಜೊತೆಗೆ ಯಾವ ಜಿಲ್ಲೆಯ ಜಾಗಗಳು ಚೆನ್ನಾಗಿ ಗೊತ್ತು ಅಂತಲೂ ಬರೆಯಿರಿ.