ವೀಣಾ, ಆ ಪಟ್ಟಿ ಹಿಡ್ಕೊಂಡು ನರುಟೊ ನೋಡಿಸಬೇಡ

ವೀಣಾ, ನಾನು ದೊಡ್ಡಮ್ಮ. ಬೆಳಿಗ್ಗೆ ನೀನು ಗ್ರೂಪಿನಲ್ಲಿ ಹಾಕಿದ್ದು ಓದಿದೆ. ಆದಿ ನರುಟೊ ಅನ್ನೋ ಜಪಾನಿ ಕಾರ್ಟೂನಿನ ಮೊದಲ ಭಾಗ ಪೂರ್ತಿ ನೋಡಿದ, ಅದರ ಎರಡನೇ ಭಾಗ ಶಿಪ್ಪುಡೆನ್‌ನಲ್ಲಿ ಪೇನ್ ಅನ್ನೋ ಖಳ ಬಂದು ಊರು ನೆಲಸಮ ಮಾಡಿದ ತನಕ ಬಂದಿದ್ದಾನೆ, ಈಗ ಕಥೆ ಕೆಟ್ಟುಹೋಯ್ತು ಅಂತ ಮುಖ ಊದಿಸಿಕೊಂಡಿದ್ದಾನೆ, ಮುಂದಿನ ವರ್ಷ ಹತ್ತನೇ ಕ್ಲಾಸು, ಇನ್ನೂ 300ಕ್ಕೂ ಜಾಸ್ತಿ ಎಪಿಸೋಡ್ ಬಾಕಿ, ಯಾರೋ ಫ್ರೆಂಡು ನಾಯಕನ ಫೈಟ್ ಇರೋವಷ್ಟೇ ಬರೆದು ಒಂದು ಪಟ್ಟಿ ಕೊಟ್ಟಿದ್ದಾನೆ, ಅದನ್ನು ನೋಡಿ ಮುಗಿಸಲಿ ಅನ್ನಲಾ, ಅಂತ ತಾನೇ ನೀನು ಕೇಳಿದ್ದು? ಉದ್ದ ಆಗುತ್ತದೆ, ಕೆಲಸ ಮಾಡುತ್ತಾ ಕೇಳು. ಮತ್ತೆ ಇದನ್ನು ಆದಿ ಕಿವಿಗೆ ಬೀಳಿಸಬೇಡ. ಮುಂದೆ ಯಾರು ಸಾಯುತ್ತಾರೆ ಅನ್ನೋದೆಲ್ಲ ಬಾಯಿಗೆ ಬರುತ್ತದೆ.

ಆ ಪಟ್ಟಿ ಬೇಡ. ಮೊದಲು ಇದನ್ನು ಹೇಳಿಬಿಡುತ್ತೇನೆ, ಆ ಪಟ್ಟಿ ಮಾತ್ರ ಬೇಡ.

ನಮ್ಮ ಕಿರಣನ ಸ್ವಭಾವ ನಿಮಗೆಲ್ಲ ಗೊತ್ತೇ ಇದೆ, ಯಾವುದಕ್ಕೂ ಪುರುಸೊತ್ತಿಲ್ಲ ಅವನಿಗೆ. ಹಾಸ್ಟೆಲಿನಿಂದ ರಜೆಗೆ ಬಂದಾಗ ಇಂಥದ್ದೇ ಒಂದು ಪಟ್ಟಿ ತಂದಿದ್ದ. ಮೊದಲ ಭಾಗದ 220 ಎಪಿಸೋಡ್ ಬೇಡವೇ ಬೇಡ, ಶಿಪ್ಪುಡೆನ್‌ನಲ್ಲಿ ದೊಡ್ಡ ದೊಡ್ಡ ಫೈಟ್ ಸಾಕು ಅಂತ. ಸೌಮ್ಯ ಆಗ ಪಿಯುಸಿ. ಅವಳು ಮೊದಲಿನಿಂದ ಒಂದೂ ಬಿಡದೆ ನೋಡಿಕೊಂಡು ಬಂದವಳು, ನಾನೂ ಜೊತೆಗೆ. ಒಂದು ರಾತ್ರಿ ಮೂವರೂ ಹಾಲ್‌ನಲ್ಲಿ ಊಟದ ತಟ್ಟೆ ಹಿಡ್ಕೊಂಡು ಕೂತಿದ್ದೆವು. ಶಿಪ್ಪುಡೆನ್ 364. ಯುದ್ಧದ ಮಧ್ಯೆ ನೇಜಿ ಅಡ್ಡ ಬಂದು ನರುಟೊನನ್ನು ಉಳಿಸಿ ತಾನು ಸಾಯುತ್ತಾನಲ್ಲ, ಅದು. ಅವನ ಹಣೆಯ ಮೇಲೆ ಮನೆತನದವರು ಹಾಕಿದ ಒಂದು ಗುರುತು ಇರುತ್ತದೆ, ಪಂಜರದ ಹಕ್ಕಿ ಅಂತ ಅದರ ಅರ್ಥ, ಹುಟ್ಟಿನಿಂದಲೇ ನೀನು ದೊಡ್ಡ ಮನೆಯವರ ಆಳು ಅಂತ. ಉಸಿರು ನಿಂತ ಮೇಲೆ ಆ ಗುರುತು ಮೆಲ್ಲಗೆ ಅಳಿಸಿಹೋಗುತ್ತದೆ. ಯಾರೂ ಅದರ ಬಗ್ಗೆ ಒಂದು ಮಾತೂ ಆಡಲ್ಲ, ಸುಮ್ನೆ ತೋರಿಸುತ್ತಾರೆ ಅಷ್ಟೇ. ಸೌಮ್ಯ ತಟ್ಟೆ ಕೆಳಗಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಕಿರಣ ಮೊಸರನ್ನ ಕಲಸುತ್ತಾ ಕೇಳಿದ, "ಯಾರಮ್ಮ ಇವನು?"

ನನಗೆ ಹೊಟ್ಟೆ ಉರಿದುಹೋಯಿತು ವೀಣಾ. ಒಂದೇ ಹಾಲ್, ಒಂದೇ ಟಿವಿ, ಒಬ್ಬಳಿಗೆ ಎದೆ ಒಡೆದಿದೆ, ಇನ್ನೊಬ್ಬನಿಗೆ ಏನೂ ಆಗಿಲ್ಲ. ಅವನ ತಪ್ಪಲ್ಲ ಅದು, ಪಟ್ಟಿಯ ತಪ್ಪು. ನೇಜಿ ಯಾರು ಅಂತ ಗೊತ್ತಾಗಬೇಕಾದರೆ ಮೊದಲ ಭಾಗದ ಪರೀಕ್ಷೆಯಲ್ಲಿ ಅವನು ಆ ದೊಡ್ಡ ಮನೆಯ ಹುಡುಗಿ ಹಿನಾಟಾಳನ್ನು ಹೊಡೆದದ್ದು, ಹಣೆಬರಹ ಯಾರೂ ಬದಲಾಯಿಸೋಕಾಗಲ್ಲ ಅಂತ ವಾದ ಮಾಡಿದ್ದು, ಸೋತು ಆಕಾಶ ನೋಡುತ್ತಾ ಬಿದ್ದುಕೊಂಡದ್ದು, ಎಲ್ಲ ನೋಡಿರಬೇಕು. ಆಮೇಲೆ ಕಿರಣ ಇದು ಬರೀ ಕೂಗಾಟ ಅಂದುಕೊಂಡು ಬಿಟ್ಟೇಬಿಟ್ಟ. ಇವತ್ತಿಗೂ ಹಾಗೇ ಹೇಳುತ್ತಾನೆ.

ಆದಿ ಹೇಳೋದು ಸುಳ್ಳು ಅಂತ ನಾನು ಅನ್ನಲ್ಲ. ಕಥೆಯಲ್ಲಿ ಕೊರತೆ ಇದೆ. ನರುಟೊ ಚಿಕ್ಕವನಿದ್ದಾಗ ಒಬ್ಬನೇ ಕೂರುತ್ತಿದ್ದ ಆ ಉಯ್ಯಾಲೆ ಎಷ್ಟು ಸಲ ತೋರಿಸುತ್ತಾರೆ, ನೋಡಿದ್ದನ್ನೇ ನೋಡಬೇಕು. ನಾಯಕ ಸೋಲುವ ಹಾಗಾದಾಗ ಹೊಟ್ಟೆಯೊಳಗಿನ ಒಂಬತ್ತು ಬಾಲದ ನರಿ ಬಂದು ಕಾಪಾಡುತ್ತದೆ. ಮುಂದೆ ಸತ್ತವರೆಲ್ಲ ಎದ್ದು ಬಂದು ಯುದ್ಧ ಮಾಡುತ್ತಾರೆ. ಕೊನೆಯಲ್ಲಿ ದೊಡ್ಡ ಖಳ ಮದಾರಾನನ್ನು ಬದಿಗೆ ತಳ್ಳಿ ಕಗುಯಾ ಅಂತ ಒಬ್ಬಳು ಎಲ್ಲಿಂದಲೋ ಇಳಿಯುತ್ತಾಳೆ. ಸಕುರಾಗೆ ಸರಿಯಾದ ಕೆಲಸವನ್ನೇ ಕೊಟ್ಟಿಲ್ಲ. ಟೆನ್‌ಟೆನ್ ಅಂತ ಒಂದು ಹುಡುಗಿ ಇದ್ದಾಳೆ ಅನ್ನೋದೇ ಬರೆದವರಿಗೆ ಮರೆತುಹೋದ ಹಾಗಿದೆ. ಇದಕ್ಕಿಂತ ದೊಡ್ಡ ಕೊರತೆ ಇನ್ನೊಂದು. ಶುರುವಿನಲ್ಲಿ ಏನು ಹೇಳಿದರು? ಯಾರೂ ಇಲ್ಲದ ದಡ್ಡ ಹುಡುಗ ಬರೀ ಶ್ರಮದಿಂದ ಮೇಲೆ ಬರುತ್ತಾನೆ ಅಂತ. ಆಮೇಲೆ ನೋಡಿದರೆ ಅವನು ನಾಲ್ಕನೇ ಹೊಕಾಗೆಯ, ಅಂದರೆ ಊರಿನ ಮುಖ್ಯಸ್ಥನ, ಮಗ, ಅದೂ ಸಾಲದು ಅಂತ ಯಾವುದೋ ಪುರಾತನ ಋಷಿಯ ಮಗನ ಮರುಹುಟ್ಟು. ಹಾಗಾದರೆ ನೇಜಿ ಹೇಳಿದ ಹಣೆಬರಹವೇ ನಿಜ ಆಯ್ತಲ್ಲ! ನನಗೂ ತುಂಬಾ ಬೇಜಾರಾಯಿತು.

ಆದರೆ ನಾಯಕನ ಕಥೆ ಕೈಬಿಟ್ಟ ಮಾತನ್ನು ಪಕ್ಕದವರು ಉಳಿಸಿಕೊಟ್ಟರು. ನಾನು ಹೇಳಬೇಕು ಅಂತ ಇದ್ದದ್ದು ಇದೇ.

ರಾಕ್ ಲೀ ನೆನಪಿದೆಯಾ ಅಂತ ಆದಿಯನ್ನು ಕೇಳು. ಮೊದಲ ಭಾಗದ 48ರಿಂದ 50. ಒಂದು ಮಂತ್ರ ಬರಲ್ಲ, ಒಂದು ಮಾಯೆ ಬರಲ್ಲ, ಕೈಕಾಲು ಬಿಟ್ಟರೆ ಏನೂ ಇಲ್ಲದ ಹುಡುಗ. ಎದುರಾಳಿ ಗಾರಾ ಆಡಿಸುವ ಮರಳು ಅವನನ್ನು ಹತ್ತಿರಕ್ಕೇ ಬಿಡಲ್ಲ. ಆಗ ಮೇಷ್ಟ್ರು ಗೈ "ತೆಗೆದುಬಿಡು" ಅನ್ನುತ್ತಾರೆ. ಲೀ ಕಾಲಿಗೆ ಸುತ್ತಿದ ಭಾರದ ಪಟ್ಟಿ ಬಿಚ್ಚಿ, ಏನೋ ಒದ್ದೆ ಬಟ್ಟೆ ಬಿಡುವ ಹಾಗೆ ಕೈ ಬಿಡುತ್ತಾನೆ. ಕೆಳಗೆ ನೆಲ ಒಡೆದು ಧೂಳು ಛಾವಣಿ ತನಕ ಏಳುತ್ತದೆ. ಅಷ್ಟು ಭಾರ ಹೊತ್ತುಕೊಂಡೇ ಇಷ್ಟು ಹೊತ್ತು ಓಡಾಡುತ್ತಿದ್ದನಾ ಅಂತ ಎಲ್ಲರ ಬಾಯಿ ಮುಚ್ಚುತ್ತದೆ. ಅಷ್ಟೆಲ್ಲ ಮಾಡಿಯೂ ಅವನು ಸೋಲುತ್ತಾನೆ. ಒಂದು ಕೈ, ಒಂದು ಕಾಲು ಪುಡಿ. ಪ್ರಜ್ಞೆ ತಪ್ಪಿದ ಮೇಲೂ ಎದ್ದು ನಿಲ್ಲುತ್ತಾನೆ, ಗೈ ಅವನನ್ನು ತಬ್ಬಿಕೊಂಡು ಅಳುತ್ತಾರೆ. ಅವನನ್ನು ಕಾಪಾಡೋಕೆ ಯಾವ ನರಿಯೂ ಬರಲಿಲ್ಲ.

ಶಿಕಮಾರುನನ್ನೂ ನೋಡಿದ್ದಾನಲ್ಲ ಆದಿ. ಗೆಲ್ಲುವ ಪಂದ್ಯದಲ್ಲಿ ಶಕ್ತಿ ಮುಗೀತು ಅಂತ ಕೈ ಎತ್ತಿದ ಸೋಮಾರಿ, ಕೊನೆಗೆ ಆ ಪರೀಕ್ಷೆಯಲ್ಲಿ ಬಡ್ತಿ ಸಿಕ್ಕಿದ್ದು ಅವನೊಬ್ಬನಿಗೇ. ಮೇಷ್ಟ್ರು ಅಸುಮಾ ಸತ್ತಾಗ ಅವನ ಅಪ್ಪ ಸಮಾಧಾನದ ಭಾಷಣ ಬಿಗಿಯಲ್ಲ. ಶೋಗಿ ಅನ್ನೋ ಜಪಾನಿ ಚದುರಂಗದ ಆಟಕ್ಕೆ ಕೂರಿಸುತ್ತಾನೆ, ಆಮೇಲೆ ಮಣೆಯನ್ನೇ ಎತ್ತಿ ಬಿಸಾಕಿ, ಒಳಗಿರೋದನ್ನೆಲ್ಲ ಹೊರಗೆ ಹಾಕು ಅಂತ ಹೇಳಿ ಎದ್ದುಹೋಗುತ್ತಾನೆ. ಹುಡುಗ ಒಬ್ಬನೇ ಕೂತು ಅಳುತ್ತಾನೆ. ಅಸುಮಾನನ್ನು ಕೊಂದ ಹಿದಾನ್ ಸಾವೇ ಇಲ್ಲದವನು, ಅವನನ್ನು ಬರೀ ತಲೆ ಓಡಿಸಿ ಗುಂಡಿಗೆ ಹಾಕಿ ಹೂಳುತ್ತಾನೆ. ಇಡೀ ಶಿಪ್ಪುಡೆನ್‌ನಲ್ಲಿ ನನಗೆ ಇಷ್ಟು ಹಿಡಿಸಿದ ಕಾಳಗ ಇನ್ನೊಂದಿಲ್ಲ.

ಈ ಶೋಗಿ ಸೀನ್ ನೋಡುವಾಗಲೇ ಅಲ್ವಾ ದೀಪಾವಳಿಗೆ ಎಲ್ಲರೂ ನಮ್ಮ ಮನೆಗೆ ಬಂದಾಗ ಆ ರಗಳೆ ಆದದ್ದು. ಯಾರು ಅಂತ ಹೇಳಲ್ಲ, ಗ್ರೂಪಿನಲ್ಲೇ ಇದ್ದಾರೆ. ಸೌಮ್ಯ ಕಣ್ಣೊರೆಸಿಕೊಳ್ಳುತ್ತಾ ನೋಡುತ್ತಿದ್ದಾಳೆ, ರಿಮೋಟ್ ಕಿತ್ಕೊಂಡು, "ಇಷ್ಟು ದೊಡ್ಡವಳಾಗಿ ಕಾರ್ಟೂನ್ ನೋಡಿ ಅಳ್ತಾಳಪ್ಪ" ಅಂತ ನಕ್ಕು ನ್ಯೂಸ್ ಹಾಕಿದರು. ಹುಡುಗಿ ಎದ್ದು ಒಳಗೆ ಹೋದಳು. ಊಟಕ್ಕೂ ಬರಲಿಲ್ಲ. ಸೀರಿಯಲ್‌ನಲ್ಲಿ ಸೊಸೆಗೆ ಕಷ್ಟ ಬಂದರೆ ನಾವೆಲ್ಲ ಅಳಬಹುದು, ಮೇಷ್ಟ್ರು ಸತ್ತ ಹುಡುಗನನ್ನು ನೋಡಿ ಮಕ್ಕಳು ಅಳಬಾರದಾ? ನಿಮ್ಮ ದೊಡ್ಡಪ್ಪ ಕೂಡ ಆವತ್ತು ಏನೂ ಮಾತಾಡಲಿಲ್ಲ, ಆ ಸಿಟ್ಟು ನನಗೆ ಇನ್ನೂ ಇದೆ. ಮಕ್ಕಳು ಏನು ನೋಡುತ್ತಾರೆ, ಯಾರು ಅವರಿಗೆ ಇಷ್ಟ ಅಂತ ಈ ಮನೆತನದಲ್ಲಿ ಯಾರಾದರೂ ಪಕ್ಕದಲ್ಲಿ ಕೂತು ಕೇಳಿದ್ದೀರಾ? ಮಾರ್ಕ್ಸ್ ಕೇಳುತ್ತೀರಿ. ವೀಣಾ, ನೀನು ಕೇಳಿದೆಯಲ್ಲ, ಅದಕ್ಕೇ ನನಗೆ ಖುಷಿ.

ಎಲ್ಲಿಗೆ ಬಂದೆ? ಹಾಂ, ಗೈ. ಮದಾರಾ ಎದುರಿಗೆ ಎಲ್ಲರೂ ಸೋತು ಕೂತಾಗ ಹೋಗೋದು ಆ ಹಸಿರು ಬಟ್ಟೆಯ ಮೇಷ್ಟ್ರು. ಅವರಪ್ಪ ಸಾಯೋತನಕ ಕೆಳಗಿನ ದರ್ಜೆಯಲ್ಲೇ ಉಳಿದವನು, ಊರೆಲ್ಲ ನಗುತ್ತಿದ್ದರು. ಆ ಅಪ್ಪ ಮಗನಿಗೆ ಕಲಿಸಿದ ಒಂದೇ ವಿದ್ಯೆ ಎಂಟು ಬಾಗಿಲು, ಪೂರ್ತಿ ತೆರೆದರೆ ಜೀವ ಹೋಗುತ್ತದೆ. ಗೈ ತೆರೆಯುತ್ತಾರೆ. ದೇವರಂತಾಗಿ ಕೂತಿದ್ದ ಮದಾರಾ ನಗುತ್ತಾ, ಬರೀ ಮೈಕೈಯಲ್ಲಿ ಹೊಡೆದಾಡಿದವರಲ್ಲಿ ನಿನ್ನಷ್ಟು ಬಲಶಾಲಿಯನ್ನು ನೋಡಿಲ್ಲ ಅಂತ ತಾನೇ ಒಪ್ಪಿಕೊಳ್ಳುತ್ತಾನೆ. ಋಷಿಯ ವಂಶ ಇಲ್ಲ, ನರಿ ಇಲ್ಲ. ಬರೀ ಶ್ರಮದಿಂದ ಮೇಲೆ ಬರಬಹುದು ಅಂತ ಲೀಗೆ ಕೊಟ್ಟ ಮಾತು ಅಲ್ಲಿ ನಡೆಯಿತು. ನಾಯಕನ ಫೈಟ್ ಮಾತ್ರ ಬರೆದ ಪಟ್ಟಿಯಲ್ಲಿ ಇದು ಎಲ್ಲಿರುತ್ತದೆ ಹೇಳು? ಅದಕ್ಕೇ ಇನ್ನೊಂದು ಸಲ ಹೇಳುತ್ತೇನೆ, ಆ ಪಟ್ಟಿ ಹರಿದು ಹಾಕು.

ಅಯ್ಯೋ, ನೀನು ಕೇಳಿದ್ದು ಟೈಮಿನ ವಿಷಯ ಅಲ್ವಾ. ಬರ್ಕೋ. ಜಪಾನಿನಲ್ಲಿ ಶಿಪ್ಪುಡೆನ್ 2007ರಿಂದ 2017ರ ತನಕ ವಾರ ವಾರ ಟಿವಿಯಲ್ಲಿ ಬಂದದ್ದು, ಇದರ ಮೂಲ ಚಿತ್ರಕಥೆ ಪುಸ್ತಕ, ಮಾಂಗಾ ಅನ್ನುತ್ತಾರೆ, ಅದು ಮುಗಿದದ್ದು 2014ಕ್ಕೆ. ಮಾಂಗಾ ಮುಂದೆ ಹೋಗಲಿ ಅಂತ ಕಾಯುತ್ತಾ ಮಧ್ಯೆ ಮಧ್ಯೆ ಬೇರೆ ಕಥೆ ತುಂಬಿದರು. ಬಿಡೋದಾದರೆ ಅದನ್ನು ಬಿಡಲಿ. ಶಿಪ್ಪುಡೆನ್ 176ರಿಂದ 196, ಹಡಗಿನ ಕಥೆ 223ರಿಂದ 242, ಆಮೇಲೆ 394ರಿಂದ 413, ಕನಸಿನ ಕಥೆಗಳು 427ರಿಂದ 450. ಇಷ್ಟಕ್ಕೇ 85 ಎಪಿಸೋಡ್ ಕಡಿಮೆ ಆಯ್ತು. ನರುಟೊನ ಮೇಷ್ಟ್ರು ಕಕಾಶಿಯ ಹಳೇ ದಿನಗಳು, 349ರಿಂದ 361, ಅದೂ ಮಾಂಗಾದಲ್ಲಿಲ್ಲ, ಆದರೆ ಅದನ್ನು ಬಿಡಬಾರದು. ನೇಜಿಯ 364, ಗೈದು 418ರಿಂದ ಮುಂದಿನ ಕೆಲವು, ಇವು ರಜೆ ದಿನಕ್ಕೆ ಇಟ್ಟುಕೊಳ್ಳಲಿ. ಶುರುವಿನ ಹಾಡು, ಕೊನೆಯ ಹಾಡು ಬಿಟ್ಟರೆ ಒಂದು ಎಪಿಸೋಡ್ 20 ನಿಮಿಷ. ಹೋಂವರ್ಕ್ ಮುಗಿದ ಮೇಲೆ ದಿನಕ್ಕೆ ಒಂದು, ಭಾನುವಾರ ಎರಡು. ಹತ್ತನೇ ಕ್ಲಾಸಿನ ಪರೀಕ್ಷೆಗೆ ಮುಂಚೆ ಮುಗಿಯದಿದ್ದರೆ ಬಾಕಿ ರಜೆಯಲ್ಲಿ ನೋಡಲಿ, ಓಡಿಹೋಗಲ್ಲ. 418 ಬಂದಾಗ ನನಗೊಂದು ಫೋನ್ ಮಾಡಿಸು, ಆವತ್ತು ನಿಮ್ಮ ಮನೆಗೇ ಬರುತ್ತೇನೆ.